ಇನ್ನೂರೊಂದನೆಯ ಯೂನಿಟ್

ಜಗತ್ತಿನ ಅತ್ಯಂತ ದುಬಾರಿ ಕರೆಂಟು ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ಜರ್ಮನಿ, ಡೆನ್ಮಾರ್ಕ್ ಎಂದು ಹೇಳಿ ಜಾಣರಾಗಲು ಹೋಗಬೇಡಿ. ಅದು ಸಿಗುವುದು ಹೈದರಾಬಾದಿನ ಅಬಿಡ್ಸ್‌ನಲ್ಲಿ, ಚಿರಾಗ್ ಅಲಿ ಲೇನಿನ ಯಾವುದೋ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ, ಜೇಡನ ಬಲೆಯ ಹಿಂದೆ ತಿರುಗುತ್ತಿರುವ ಮೀಟರಿನಲ್ಲಿ. ಬಿಳಿ ರೇಷನ್ ಕಾರ್ಡಿದ್ದು ತೆಲಂಗಾಣ ಸರಕಾರದ ಗೃಹಜ್ಯೋತಿ ಸಿಕ್ಕ ಮನೆಗೆ ಅಲ್ಲಿ ಇನ್ನೂರು ಯೂನಿಟ್‌ವರೆಗೆ ಬಿಲ್ಲು ಸೊನ್ನೆ. ಇನ್ನೂರೊಂದನೆಯ ಯೂನಿಟ್‌ಗೆ 1,027 ರೂಪಾಯಿ 70 ಪೈಸೆ.

ಮುದ್ರಣದೋಷವಲ್ಲ. 2022ರಲ್ಲಿ ಬಂದ ದರಪಟ್ಟಿಯ ಪ್ರಕಾರ, ತಿಂಗಳಿಗೆ ಇನ್ನೂರು ದಾಟಿದ ಮನೆಗೆ ಮೊದಲ ಇನ್ನೂರು ಯೂನಿಟ್ಟಿಗೆ 5 ರೂಪಾಯಿ 10 ಪೈಸೆಯ ದರ, ಮುಂದಿನ ನೂರಕ್ಕೆ 7 ರೂಪಾಯಿ 70 ಪೈಸೆ. ಇನ್ನೂರರವರೆಗೆ ಸರಕಾರ ನಿಮ್ಮನ್ನು ಬಡವರೆಂದು ನಂಬುತ್ತದೆ. ಇನ್ನೊಂದೇ ಒಂದು ಯೂನಿಟ್ ಉರಿಸಿದಿರೋ, ನೀವು ತಿಂಗಳ ಮೊದಲ ದಿನದಿಂದಲೇ ಸಿರಿವಂತರಾಗಿದ್ದಿರೆಂದು ಪೂರ್ವಾನ್ವಯವಾಗಿ ತೀರ್ಮಾನಿಸುತ್ತದೆ. ಸ್ಥಿರ ಶುಲ್ಕ, ವಿದ್ಯುತ್ ಸುಂಕ ಬೇರೆ. ಒಂದೇ ರಾತ್ರಿಯಲ್ಲಿ, ಫ್ಯಾನಿನ ಒಂದು ಸುತ್ತಿನಲ್ಲಿ ಬಡತನ ನಿರ್ಮೂಲನೆ ಮಾಡಿದ ಬೇರೆ ಯೋಜನೆ ಈ ದೇಶದಲ್ಲಿ ನನಗೆ ಗೊತ್ತಿಲ್ಲ.

ಮನೆಗಳು ಗ್ಯಾಸ್ ಬಿಟ್ಟು ಶುದ್ಧವಾದ ವಿದ್ಯುತ್ತಿಗೆ ಬರಬೇಕು ಎನ್ನುವ ಭಾಷಣಗಳು ಎಷ್ಟೇ ಎತ್ತರದ ವೇದಿಕೆಯಿಂದ ಹೊರಟರೂ ಕೊನೆಗೆ ಈ ಒಂದು ಯೂನಿಟ್ಟಿನ ಹೊಸ್ತಿಲಿಗೆ ಬಂದು ಎಡವುತ್ತವೆ. ಲೆಕ್ಕ ಹಾಕೋಣ. ಹದಿನಾಲ್ಕು ಪಾಯಿಂಟ್ ಎರಡು ಕಿಲೋದ ಒಂದು ಸಿಲಿಂಡರಿನಲ್ಲಿ ಇರುವ ಶಾಖ ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮ. ಅದರಲ್ಲಿ ಮೂರನೇ ಒಂದು ಪಾಲು ಪಾತ್ರೆಯ ಪಕ್ಕದಿಂದ ಹಾರಿ ಅಡುಗೆ ಮಾಡುವವರ ಮುಖಕ್ಕೆ ಬಡಿಯುತ್ತದೆ. ಇಂಡಕ್ಷನ್ ಒಲೆ ಅಷ್ಟು ದುಂದು ಮಾಡುವುದಿಲ್ಲ. ಹಾಗಾಗಿ ಒಂದು ಸಿಲಿಂಡರಿನ ಅಡುಗೆಯನ್ನು ಅದು ಹೆಚ್ಚುಕಡಿಮೆ 135 ಯೂನಿಟ್‌ನಲ್ಲಿ ಮುಗಿಸುತ್ತದೆ. ಸಿಲಿಂಡರ್ ಒಂದೂವರೆ ತಿಂಗಳು ಬರುವ ಮನೆಗೆ ತಿಂಗಳಿಗೆ ತೊಂಬತ್ತು ಯೂನಿಟ್ ಆಯಿತು.

ಈಗ ಫ್ಯಾನು, ಫ್ರಿಜ್ಜು, ಟೀವಿ, ಮಗಳ ಪರೀಕ್ಷೆಯ ದೀಪ ಎಲ್ಲ ಸೇರಿ ತಿಂಗಳಿಗೆ 150 ಯೂನಿಟ್ ಉರಿಸುವ ಒಂದು ಮನೆ ಇಟ್ಟುಕೊಳ್ಳಿ. ಗ್ಯಾಸಿನ ಮೇಲೆ ಅಡುಗೆ ಮಾಡಿದರೆ ಕರೆಂಟಿನ ಬಿಲ್ಲು ಸೊನ್ನೆ. ಮಹಾಲಕ್ಷ್ಮಿ ಯೋಜನೆಯಲ್ಲಿ ಸಿಲಿಂಡರ್ ಐನೂರು ರೂಪಾಯಿ, ಅಂದರೆ ತಿಂಗಳಿಗೆ 333. ಭೂಮಿಯ ಮೇಲೆ ಕರುಣೆ ಬಂದು ಇಂಡಕ್ಷನ್ ಹಚ್ಚಿದರೆ 240 ಯೂನಿಟ್, 1,328 ರೂಪಾಯಿ. ಪರಿಸರಪ್ರೇಮಕ್ಕೆ ದಂಡ ತಿಂಗಳಿಗೆ ಹತ್ತಿರ ಹತ್ತಿರ ಸಾವಿರ. ಸಿಗ್ನಲ್ ಹಾರಿ ಸಿಕ್ಕಿಬಿದ್ದವನಿಗೆ ಹಾಕಿದ ಹಾಗೆ.

ಇದರಲ್ಲಿ ಸೊಗಸೆಂದರೆ ಎರಡೂ ಯೋಜನೆಗಳು ಹುಟ್ಟಿದ್ದು ಒಂದೇ ದಿನ, 2024ರ ಫೆಬ್ರವರಿ 27ರಂದು. ಐನೂರು ರೂಪಾಯಿ ಸಿಲಿಂಡರಿಗೂ ಇನ್ನೂರು ಯೂನಿಟ್ಟಿನ ಸೊನ್ನೆ ಬಿಲ್ಲಿಗೂ ಅಂದೇ ಚಾಲನೆ. ಅವಳಿ ಮಕ್ಕಳು. ಒಬ್ಬ ಹೇಳುತ್ತಾನೆ, ಗ್ಯಾಸ್ ಉರಿಸು, ನಾನಿದ್ದೇನೆ. ಇನ್ನೊಬ್ಬ ಹೇಳುತ್ತಾನೆ, ಕರೆಂಟ್ ಉರಿಸಿದರೆ ನೋಡು! ಇಬ್ಬರ ಜಾತಕವನ್ನೂ ಬರೆದವರು ಒಂದೇ ಸಚಿವಾಲಯದ ಎರಡು ಕೋಣೆಗಳಲ್ಲಿ ಕೂತವರು, ನಡುವಿನ ಬಾಗಿಲಿಗೆ ಬೀಗ ಹಾಕಿಕೊಂಡು.

ತವರುಮನೆ ಕಲಬುರಗಿಯಾದ ನಮ್ಮ ಪಕ್ಕದ ಮನೆಯ ವೈನಿ ಈ ಲೆಕ್ಕವನ್ನು ನನಗಿಂತ ಮೊದಲೇ ಮಾಡಿದ್ದರು. ಅವರ ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ ಇದೆ. ಅದರ ಮೇಲೆ ಹಪ್ಪಳದ ಡಬ್ಬಿ ಇದೆ. "ನೋಡ್ರಿ, ನಾ ಸರಕಾರಕ್ಕ ವಿರುದ್ಧ ಹೋಗೋಕಿ ಅಲ್ಲ. ಅವರು ಇನ್ನೂರು ಅಂದ್ರ ಇನ್ನೂರು. ತಿಂಗಳ ಕೊನಿ ವಾರ ನಮ್ಮ ಮನಿಯವರು ದಿನಾ ಎರಡು ಸಲ ಮೀಟರ್ ನೋಡಿ ಬರ್ತಾರ, ಸಂಧ್ಯಾವಂದನಿ ಮಾಡಿದಂಗ" ಎಂದರು. ಆ ವಾರ ಅವರ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಬಂದ್. ಮಕ್ಕಳು ಸುಕ್ಕಾದ ಯೂನಿಫಾರಮ್ಮಿನಲ್ಲೇ ಶಾಲೆಗೆ ಹೋಗುತ್ತಾರೆ. ಇಂಧನ ಉಳಿತಾಯದ ಪ್ರಶಸ್ತಿ ಕೊಡುವವರು ಯಾರಾದರೂ ಇದ್ದರೆ ವಿಳಾಸ ಕೊಡುತ್ತೇನೆ.

ತವರಿನವರ ಸ್ಥಿತಿ ಇನ್ನೂ ಮಜವಾಗಿದೆ. ಕರ್ನಾಟಕದ ಗೃಹಜ್ಯೋತಿಯನ್ನು 2023ರ ಆಗಸ್ಟ್ 5ರಂದು ವಿಧ್ಯುಕ್ತವಾಗಿ ಬೆಳಗಿಸಿದ್ದು ಕಲಬುರಗಿಯಲ್ಲೇ. ಅಲ್ಲಿ ಇನ್ನೂರು ಎನ್ನುವುದು ಗರಿಷ್ಠ ಮಿತಿ. ಶುರುವಿನ ನಿಯಮದಂತೆ ನಿಮ್ಮ ಪಾಲಿಗೆ ಎಷ್ಟು ಎಂಬುದನ್ನು ನಿರ್ಧರಿಸಿದ್ದು 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ ಹತ್ತು. ಅಂದರೆ ಆ ವರ್ಷ ನೀವು ಗ್ಯಾಸಿನ ಮೇಲೆ ಅನ್ನ ಮಾಡಿದ್ದರೆ ಇಂದೂ ಗ್ಯಾಸಿನ ಮೇಲೆಯೇ ಮಾಡತಕ್ಕದ್ದು. ಮನುಷ್ಯ ಬದಲಾಗಬಹುದು, ಹೃದಯ ಪರಿವರ್ತನೆ ಆಗಬಹುದು, ಆದರೆ ಶೇಕಡಾ ಹತ್ತಕ್ಕಿಂತ ಹೆಚ್ಚು ಬೇಡ. ನಿಜಾಮರ ಆಳ್ವಿಕೆ ಹೋಗಿ, 1956ರಲ್ಲಿ ರಾಜ್ಯಗಳು ಬೇರೆಯಾಗಿ, ಕಲಬುರಗಿ ಅತ್ತ, ಹೈದರಾಬಾದು ಇತ್ತ ಆದವು. ಆದರೂ ಇಂಡಕ್ಷನ್ ಒಲೆಯ ಮೇಲೆ ಹಪ್ಪಳದ ಡಬ್ಬಿ ಇಡಿಸುವ ವಿಷಯದಲ್ಲಿ ಎರಡೂ ರಾಜ್ಯಗಳು ಇವತ್ತಿಗೂ ಒಂದೇ ಸಂಸ್ಥಾನ.

ಹೀಗಿರುವಾಗ ಅಮೆರಿಕದಿಂದ ವಿಡಿಯೋ ಕಾಲ್ ಬರುತ್ತದೆ. ವೈನಿಯವರ ಮೈದುನನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಮನೆಯ ಗ್ಯಾಸ್ ಲೈನು ಕೀಳಿಸಿ ಹೀಟ್ ಪಂಪು, ಇಂಡಕ್ಷನ್ನು, ಮಾಡಿನ ಮೇಲೆ ಸೋಲಾರು, ಗ್ಯಾರೇಜಿನಲ್ಲಿ ವಿದ್ಯುತ್ ಕಾರು ಎಲ್ಲ ಮಾಡಿಸಿಕೊಂಡಿದ್ದಾನೆ. ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಉತ್ಸಾಹ. "ದೊಡ್ಡವ್ವಾ, ಗ್ಯಾಸ್ ಒಲಿಯಿಂದ ನೈಟ್ರೋಜನ್ ಡೈಆಕ್ಸೈಡ್ ಬರ್ತದ, ಹುಡುಗರ ಎದಿಗೆ ಛಲೋ ಅಲ್ಲ. ಬಿಟ್ಟುಬಿಡ್ರಿ" ಎಂದ. ಮಾತು ಸುಳ್ಳಲ್ಲ. ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಗ್ಯಾಸಿನ ಜ್ವಾಲೆಯೂ ವಿಷವನ್ನೇ ಉಗುಳುತ್ತದೆ, ಹೊಗೆ ಕಾಣುವುದಿಲ್ಲ ಅಷ್ಟೆ. ವೈನಿ ಶಾಂತವಾಗಿ ಕೇಳಿಸಿಕೊಂಡು ಹೇಳಿದರು: "ಬಿಡ್ತೀನಪ್ಪಾ. ತಿಂಗಳಾ ಸಾವಿರ ರೂಪಾಯಿ ಕಳಿಸು. ಡಾಲರ್‌ದಾಗ ಕಳಿಸಿದ್ರೂ ನಡೀತದ." ಲೈನು ಕಟ್ಟಾಯಿತು. ಸಿಗ್ನಲ್ ಸಮಸ್ಯೆ ಇರಬೇಕು.

ಅವನ ಕ್ಯಾಲಿಫೋರ್ನಿಯಾ ಕೂಡ ಪೂರ್ತಿ ಪುಣ್ಯಕ್ಷೇತ್ರವೇನಲ್ಲ. ಅಲ್ಲಿನ ಬರ್ಕ್ಲಿ ನಗರ 2019ರಲ್ಲಿ ಹೊಸ ಕಟ್ಟಡಗಳಿಗೆ ಗ್ಯಾಸ್ ಪೈಪು ಬೇಡ ಎಂದು ಅಮೆರಿಕಕ್ಕೇ ಮೊದಲನೆಯದಾದ ನಿಯಮ ಮಾಡಿತು. ಕೋರ್ಟಿಗೆ ಹೋದವರು ಯಾರು ಗೊತ್ತೆ? ತೈಲದ ದೊರೆಗಳಲ್ಲ, ಹೋಟೆಲ್ ಮಾಲೀಕರ ಸಂಘ. ಉರಿ ಇಲ್ಲದೆ ಅಡುಗೆಗೆ ರುಚಿ ಎಲ್ಲಿಂದ ಎಂಬ ವಾದ. 2023ರಲ್ಲಿ ಮೇಲಿನ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಮರುವರ್ಷ ನಗರ ತನ್ನ ನಿಯಮವನ್ನು ಮಡಚಿಟ್ಟಿತು. ಅಬಿಡ್ಸಿನಲ್ಲಿ ಬಿರಿಯಾನಿ ಹಂಡೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕಿ ದಮ್ ಕೊಡುವವನಿಗೆ, ಇರಾನಿ ಚಹಾದ ಹಂಡೆಯನ್ನು ಬೆಳಗಿನಿಂದ ರಾತ್ರಿಯವರೆಗೆ ಉರಿಯಿಂದ ಇಳಿಸದವನಿಗೆ ತನ್ನ ಪರವಾಗಿ ಅಮೆರಿಕದ ನ್ಯಾಯಾಲಯವೇ ಮಾತಾಡಿದೆ ಎಂಬ ಸಂಗತಿ ತಿಳಿದಿಲ್ಲ. ತಿಳಿದರೆ ಒಂದು ಪ್ಲೇಟು ಉಸ್ಮಾನಿಯಾ ಬಿಸ್ಕತ್ತು ಉಚಿತ ಸಿಕ್ಕೀತು.

ಇಷ್ಟಕ್ಕೂ ಅಲ್ಲಿ ಕೀಳುತ್ತಿರುವ ಪೈಪನ್ನೇ ಇಲ್ಲಿ ರಸ್ತೆ ಅಗೆದು ಹೂಳುತ್ತಿದ್ದೇವೆ. ಗೇಲ್ ಮತ್ತು ಎಚ್‌ಪಿಸಿಎಲ್ ಸೇರಿ 2003ರಲ್ಲಿ ಕಟ್ಟಿದ ಭಾಗ್ಯನಗರ ಗ್ಯಾಸ್ ಕಂಪನಿ ಹೈದರಾಬಾದಿನ ಮನೆಗಳಿಗೆ ನೈಸರ್ಗಿಕ ಅನಿಲದ ಪೈಪು ಎಳೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದೇ ಅನಿಲಕ್ಕೆ ಹೊಲಸು ಎಂದು ಹೆಸರು, ಇಲ್ಲಿ ಸ್ವಚ್ಛ ಇಂಧನ ಎಂದು ಜಾಹೀರಾತು. ಅನಿಲ ಒಂದೇ. ಪಾಸ್‌ಪೋರ್ಟ್ ಬೇರೆ.

ನಮ್ಮ ಜನರ ಗ್ಯಾಸ್ ಪ್ರೀತಿಯನ್ನು ಮಾತ್ರ ಹಗುರವಾಗಿ ನೋಡಬಾರದು. ಎಂಬತ್ತರ ದಶಕದಲ್ಲಿ ಕನೆಕ್ಷನ್ನಿಗೆ ವರ್ಷಗಟ್ಟಲೆ ಸರತಿ ಇತ್ತು. ಸಂಸದರ ಬಳಿ ಗ್ಯಾಸ್ ಕೂಪನ್ನುಗಳ ಕೋಟಾ ಇತ್ತು, ಅವರ ಮನೆ ಮುಂದೆ ನಿಲ್ಲುವ ಸಾಲಿನಲ್ಲಿ ದೇಶದ ಸಮಸ್ಯೆ ಹೇಳಿಕೊಳ್ಳಲು ಬಂದವರಿಗಿಂತ ಕೂಪನ್ ಕೇಳುವವರೇ ಹೆಚ್ಚು. ಸೀಮೆಎಣ್ಣೆಯ ಪಂಪ್ ಸ್ಟೋವಿಗೆ ಗಾಳಿ ಹೊಡೆದು ಕೈ ಸೋತ ಹೆಂಗಸರಿಗೆ ನೀಲಿ ಜ್ವಾಲೆ ಕಂಡ ದಿನ ಹಬ್ಬ. ಆ ಹಬ್ಬವನ್ನು ಬಿಟ್ಟುಕೊಡಿ ಎಂದು ಯಾರೋ ಟೈ ಕಟ್ಟಿದವರು ಹೇಳಿದರೆ ಅವರು ಒಲೆಯನ್ನು ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಳ್ಳುವುದು ಸಹಜ.

ಇಂಡಕ್ಷನ್ ನಮ್ಮ ಮನೆಗಳಿಗೆ ಬಂದದ್ದೂ ಆದರ್ಶದಿಂದಲ್ಲ. 2012ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಸಬ್ಸಿಡಿ ಸಿಲಿಂಡರುಗಳನ್ನು ವರ್ಷಕ್ಕೆ ಆರಕ್ಕೆ ಇಳಿಸಿತು. ಅಬಿಡ್ಸಿನಿಂದ ಟ್ರೂಪ್ ಬಜಾರಿನವರೆಗಿನ ಅಂಗಡಿಗಳಲ್ಲಿ ಕಪ್ಪು ಗಾಜಿನ ಒಲೆಗಳು ಸಾಲಾಗಿ ಕೂತವು. ಮಜಾ ಏನೆಂದರೆ ಅದೇ ವರ್ಷ ಅವಿಭಜಿತ ಆಂಧ್ರದಲ್ಲಿ ಕರೆಂಟೂ ಕೈಕೊಟ್ಟಿತ್ತು, ಕಾರ್ಖಾನೆಗಳಿಗೆ ವಾರದ ರಜೆ ಕೊಡುವಷ್ಟು. ಹೀಗೆ ಗ್ಯಾಸಿಲ್ಲದವರು ಕರೆಂಟಿನ ಒಲೆ ತಂದರು, ಕರೆಂಟಿಲ್ಲದೆ ಅದನ್ನು ಒರೆಸಿ ಇಟ್ಟರು. ಚುನಾವಣೆ ಹತ್ತಿರ ಬಂತು, ಆರು ಒಂಬತ್ತಾಗಿ, 2014ರಲ್ಲಿ ಹನ್ನೆರಡಾಯಿತು. ಅಂದಿನಿಂದ ಇಂಡಕ್ಷನ್ ಒಲೆ ನಮ್ಮ ಅಡುಗೆಮನೆಯ ಸ್ಟೆಪ್ನಿ. ಪಂಚರಾದ ದಿನ ನೆನಪಾಗುತ್ತದೆ. ಮರುವರ್ಷ 'ಸಬ್ಸಿಡಿ ಬಿಟ್ಟುಕೊಡಿ' ಎಂದು ಪ್ರಧಾನಿಗಳು ಕೇಳಿದಾಗ ಕೋಟಿಗೂ ಹೆಚ್ಚು ಜನ ಬಿಟ್ಟುಕೊಟ್ಟರು. 2020ರಲ್ಲಿ ಉಳಿದ ಬಹುಪಾಲು ಜನರ ಸಬ್ಸಿಡಿಯನ್ನು ಸರಕಾರವೇ ಸದ್ದಿಲ್ಲದೆ ಬಿಟ್ಟಿತು. ಪರಸ್ಪರ ತ್ಯಾಗವೆಂದರೆ ಇದು.

ಇನ್ನು ಕರೆಂಟು ಶುದ್ಧವೇ ಎಂಬ ಪ್ರಶ್ನೆ. ಸ್ವಿಚ್ಚಿನ ತನಕ ನೋಡಿದರೆ ಗಂಗೆಯಷ್ಟೇ ಶುದ್ಧ. ತಂತಿ ಹಿಡಿದು ಹಿಂದಕ್ಕೆ ಹೋಗಿ. 1920ರಲ್ಲಿ ನಿಜಾಮರ ಸರಕಾರ ಹುಸೇನ್ ಸಾಗರದ ದಂಡೆಯ ಮೇಲೆಯೇ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಕಟ್ಟಿತು. ದೀಪವೂ ನಗರದಲ್ಲಿ, ಮಸಿಯೂ ನಗರದಲ್ಲಿ. ಅಷ್ಟರಮಟ್ಟಿಗೆ ನಿಜಾಮರು ಪ್ರಾಮಾಣಿಕರು. 1983ರಲ್ಲಿ ಅದು ನಿಂತಿತು, 1995ರಲ್ಲಿ ಕೆಡವಿದರು. ಈಗ ಆ ಜಾಗದಲ್ಲಿ ಉದ್ಯಾನ, ಸಿನಿಮಾ ಪರದೆ, ಪಾಪ್‌ಕಾರ್ನು. ಹೊಗೆಯನ್ನು ಇನ್ನೂರು ಕಿಲೋಮೀಟರಿಗೂ ದೂರದ ರಾಮಗುಂಡಕ್ಕೆ, ಕೊತ್ತಗೂಡೆಂಗೆ ವರ್ಗ ಮಾಡಿದ್ದೇವೆ. ನೀರಿಲ್ಲದ ಊರಿಗೆ ನೌಕರರನ್ನು ವರ್ಗ ಮಾಡುವ ಹಾಗೆಯೇ, ಅಲ್ಲಿಂದ ದೂರು ಬರುವುದಿಲ್ಲ. ನಾವು ಕನ್ನಡಿಗರು ಹೆಮ್ಮೆಪಡಲು ಕಾರಣವಿಲ್ಲ. ಅದೇ ಸಿಂಗರೇಣಿಯ ಕಲ್ಲಿದ್ದಲು ರೈಲು ಹತ್ತಿ ರಾಯಚೂರಿನ ಶಕ್ತಿನಗರಕ್ಕೂ ಬರುತ್ತದೆ. ಬೂದಿ ರಾಯಚೂರಿಗೆ, ಬೆಳಕು ಬೆಂಗಳೂರಿಗೆ.

ದೇಶದ ಕರೆಂಟಿನಲ್ಲಿ ಸುಮಾರು ಮುಕ್ಕಾಲು ಪಾಲು ಇನ್ನೂ ಕಲ್ಲಿದ್ದಲಿನದೇ. ಒಂದು ಯೂನಿಟ್‌ಗೆ ಸರಾಸರಿ ಏಳುನೂರು ಗ್ರಾಂಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಒಂದು ಸಿಲಿಂಡರ್ ಉರಿಸಿದರೆ ಹೊರಡುವುದು ನಲವತ್ತು ಕಿಲೋದಷ್ಟು. ಅದೇ ಅಡುಗೆಯನ್ನು ಇಂದಿನ ಸರಾಸರಿ ಕರೆಂಟಿನಲ್ಲಿ ಮಾಡಿದರೆ ಸುಮಾರು ನೂರು ಕಿಲೋ. ಆಕಾಶಕ್ಕೆ ಇವತ್ತಿಗೆ ಇದರಿಂದ ಲಾಭವಿಲ್ಲ, ಅಡುಗೆಮನೆಯ ಗಾಳಿಗೆ ಖಂಡಿತ ಇದೆ. ದೇಶ ತನಗೆ ಬೇಕಾದ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಡಗಿನಲ್ಲಿ ತರಿಸುವುದರಿಂದ ಖಜಾನೆಗೂ ಇದೆ. ಪಾವಗಡದ ಬಿಸಿಲಿನ ಕರೆಂಟು ಆ ಒಲೆಗೆ ಹರಿದ ದಿನ ಆಕಾಶಕ್ಕೂ ಲಾಭ. ಆದರೆ ಸೂರ್ಯ ಪಾವಗಡದಲ್ಲಿ ಡ್ಯೂಟಿಗೆ ಹಾಜರಾಗಿ ಬೆವರು ಸುರಿಸುವುದು ಮಧ್ಯಾಹ್ನ ಹನ್ನೆರಡಕ್ಕೆ. ಅಬಿಡ್ಸಿನ ಗೃಹಿಣಿ ಎಂಟು ಗಂಟೆಗೇ ಡಬ್ಬಿ ಕಟ್ಟಿ ಮುಗಿಸಿರುತ್ತಾಳೆ, ಮತ್ತೆ ಒಲೆ ಮುಟ್ಟುವುದು ಸೂರ್ಯ ಮನೆಗೆ ಹೋದ ಮೇಲೆ. ಇಬ್ಬರ ಶಿಫ್ಟು ಹೊಂದುತ್ತಿಲ್ಲ. ಹೊಂದಿಸುವ ದರಪಟ್ಟಿ ಬರೆಯಬೇಕಾದವರು ಹೊಂದಿಸಿಲ್ಲ.

ದಕ್ಷಿಣ ತೆಲಂಗಾಣದ ವಿದ್ಯುತ್ ಕಂಪನಿಯ ಪ್ರಧಾನ ಕಚೇರಿ ಇರುವುದು ಮಿಂಟ್ ಕಾಂಪೌಂಡಿನಲ್ಲಿ. ನಿಜಾಮರ ನಾಣ್ಯ ಟಂಕಿಸುತ್ತಿದ್ದ ಟಂಕಸಾಲೆ ಅದು. ವಿಳಾಸವನ್ನು ಆರಿಸಿಕೊಂಡವರ ದೂರದೃಷ್ಟಿಗೆ ಕೈಮುಗಿಯಬೇಕು.

ಇವೆಲ್ಲ ದಾಟಿ, ಸಾವಿರ ರೂಪಾಯಿ ಹೋದರೂ ಪರವಾಗಿಲ್ಲ ಎಂದು ಹೊರಟ ಧೀರನ ಕಥೆ ಕೇಳಿ. ಒಲೆ ತಂದ. ಹಿಂಡಾಲಿಯಂ ಬೋಗುಣಿ ಇಟ್ಟರೆ ಒಲೆ ಕೀಂ ಎಂದು ಕೂಗಿ ಮುನಿಸಿಕೊಂಡಿತು. ಬೇಗಂ ಬಜಾರಿಗೆ ಹೋಗಿ ಚಪ್ಪಟೆ ತಳದ ಸ್ಟೀಲ್ ಪಾತ್ರೆ ತಂದ. ಎರಡು ಸಾವಿರ ವಾಟ್ ಒಲೆಗೆ ಹದಿನೈದು ಆಂಪಿಯರಿನ ಪ್ಲಗ್ಗು ಬೇಕು. ಹಳೆಯ ಕಟ್ಟಡದ ಅಡುಗೆಮನೆಯಲ್ಲಿ ಇರುವುದೇ ಒಂದು, ಅದರಲ್ಲಿ ಫ್ರಿಜ್ಜು ಕೂತಿದೆ. ಟ್ರೂಪ್ ಬಜಾರಿನಿಂದ ತಂತಿ ತಂದ. ಒಲೆ, ಗೀಸರು ಒಟ್ಟಿಗೆ ಹಚ್ಚಿದ ಕೂಡಲೇ ಟ್ರಿಪ್ಪಾಯಿತು. ಮಂಜೂರಾದ ಲೋಡು ಒಂದು ಕಿಲೋವಾಟ್, ಹೆಚ್ಚಿಸಲು ಅರ್ಜಿ, ಶುಲ್ಕ, ಮನೆ ಮಾಲೀಕನ ಸಹಿ. ಮಾಲೀಕ ಶಿಕಾಗೋದಲ್ಲಿ. ಸೋಲಾರ್ ಹಾಕಿಸಿ, ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ ಎಂದು ಯಾರೋ ಹೇಳಿದರು. ಅದಕ್ಕೆ ಮಾಡು ಸ್ವಂತದ್ದಾಗಿರಬೇಕು. ಬಾಡಿಗೆಯವನಿಗೆ ಈ ದೇಶದಲ್ಲಿ ಸೂರ್ಯನೂ ಮಾಲೀಕನ ಮೂಲಕವೇ ಬರಬೇಕು.

ಕೊನೆಗೆ ರೊಟ್ಟಿ. ಹೆಂಚಿನ ಮೇಲೆ ಬೆಂದ ಜೋಳದ ರೊಟ್ಟಿಯನ್ನು ಉರಿಗೆ ಹಿಡಿದರೆ ಉಬ್ಬುತ್ತದೆ, ಬದನೆಕಾಯಿಯನ್ನು ಉರಿಯಲ್ಲಿ ಸುಟ್ಟರೆ ಭರ್ತ ಆಗುತ್ತದೆ. ಇಂಡಕ್ಷನ್ನಿಗೆ ಉರಿಯೇ ಇಲ್ಲ. ಆ ಮನೆಗೆ ಊರಿಂದ ಬಂದ ಅತ್ತೆಯವರು ಕಪ್ಪು ಗಾಜನ್ನು ಸುತ್ತು ಹಾಕಿ ನೋಡಿ, "ಬೆಂಕಿ ಇಲ್ಲದ ಒಲಿಗೆ ಅರಿಷಿಣ-ಕುಂಕುಮ ಎಲ್ಲಿ ಹಚ್ಚಬೇಕವ್ವಾ?" ಎಂದು ಕೇಳಿದರಂತೆ. ಇಂಧನ ಇಲಾಖೆಯ ಯಾವ ಕೈಪಿಡಿಯಲ್ಲೂ ಇದಕ್ಕೆ ಉತ್ತರವಿಲ್ಲ.

ದೊಡ್ಡವರಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು, ಗ್ಯಾಸಿಗೆ ಕೊಡುವ ಸಬ್ಸಿಡಿಯನ್ನು ವಿದ್ಯುತ್ ಅಡುಗೆ ಉಪಕರಣಗಳಿಗೆ ಯಾಕೆ ಕೊಡಬಾರದು ಎಂದು ಸಭೆಯಲ್ಲೇ ಕೇಳಿದ್ದರು. ಸಚಿವರು ಪ್ರಶ್ನೆ ಕೇಳಿದರು, ಉತ್ತರಿಸಬೇಕಾದ ಸರಕಾರವೂ ಅವರದೇ ಇತ್ತು, ಚಪ್ಪಾಳೆ ಮಾತ್ರ ಸಾರ್ವಜನಿಕರದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಪ್ರಧಾನಿಗಳು ಸೂರ್ಯಶಕ್ತಿಯಿಂದ ಮನೆಯೊಳಗೇ ಅಡುಗೆ ಮಾಡುವ ಜೋಡಿ ಒಲೆಯನ್ನು ಅನಾವರಣ ಮಾಡಿದರು. ತಯಾರಿಸಿದ್ದು ಇಂಡಿಯನ್ ಆಯಿಲ್. ಗ್ಯಾಸ್ ಮಾರುವವರಿಗೇ ಗ್ಯಾಸ್ ಬಿಡಿಸುವ ಕೆಲಸ ವಹಿಸಿದ್ದಾರೆ, ಹೆಂಡದಂಗಡಿಯವನಿಗೆ ಪಾನನಿರೋಧ ಮಂಡಳಿಯ ಅಧ್ಯಕ್ಷಗಿರಿ ಕೊಟ್ಟ ಲೆಕ್ಕ.

ಪರಿಹಾರ ಕಷ್ಟದ್ದಲ್ಲ. ಸಿಲಿಂಡರ್ ಬಿಟ್ಟುಕೊಟ್ಟ ಬಡ ಮನೆಗೆ ಆ ಸಿಲಿಂಡರಿನ ಸಬ್ಸಿಡಿಯನ್ನು ಯೂನಿಟ್ಟುಗಳಾಗಿ ಬದಲಿಸಿ ಕೊಡಿ. ಇನ್ನೂರನ್ನು ಇನ್ನೂರ ತೊಂಬತ್ತು ಮಾಡಿ. ಬಿಸಿಲಿರುವ ಹೊತ್ತಿನ ಯೂನಿಟ್ಟಿಗೆ ದರ ಇಳಿಸಿ. ಮಿತಿ ದಾಟಿದವರಿಗೆ ದಾಟಿದಷ್ಟಕ್ಕೆ ಬಿಲ್ ಹಾಕಿ, ಹುಟ್ಟಿದಂದಿನಿಂದ ಬೇಡ. ಬಾಡಿಗೆದಾರರ ಲೋಡಿಗೆ ಮಾಲೀಕರ ಸಹಿ ಕೇಳಬೇಡಿ. ಖಜಾನೆಗೆ ಸ್ವಲ್ಪ ಹೆಚ್ಚು ಬೀಳಬಹುದು, ಆದರೆ ಬೀಳುವ ಹಣ ಸಮುದ್ರ ದಾಟುವುದಿಲ್ಲ.

ಆದರೂ ಆಗುವುದಿಲ್ಲ. ಕಾರಣ ಹಣವಲ್ಲ, ಫೋಟೋ. ಸಿಲಿಂಡರಿಗೆ ಮೈಯಿದೆ, ಕೆಂಪು ಬಣ್ಣವಿದೆ. ವೇದಿಕೆಯ ಮೇಲೆ ಅದಕ್ಕೆ ಹಾರ ಹಾಕಬಹುದು, ಕುಂಕುಮ ಇಡಬಹುದು, ಫಲಾನುಭವಿ ಮಹಿಳೆಯ ಕೈಯನ್ನು ಅದರ ಹಿಡಿಕೆಯ ಮೇಲಿರಿಸಿ ಆರು ಜನ ನಾಯಕರು ಒಟ್ಟಿಗೆ ಮುಟ್ಟಿ ನಗಬಹುದು. ಯೂನಿಟ್ಟನ್ನು ಎಲ್ಲಿ ಮುಟ್ಟುವುದು? ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಆದ್ದರಿಂದ ಇಂಧನ ಪರಿವರ್ತನೆಯ ತಜ್ಞರಿಗೆ ನನ್ನ ಕೊನೆಯ ಸಲಹೆ: ವರದಿ ಬರೆಯುವುದನ್ನು ನಿಲ್ಲಿಸಿ, ಆಳೆತ್ತರದ ಥರ್ಮೋಕೋಲ್ ಯೂನಿಟ್ ಒಂದನ್ನು ಮಾಡಿಸಿ. ಮೇಲ್ಗಡೆ ಮುಖ್ಯಮಂತ್ರಿಗಳ ಚಿತ್ರ, ಕೆಳಗಡೆ ಸಚಿವರದು, ಎಡಬಲದಲ್ಲಿ ಸ್ಥಳೀಯ ಶಾಸಕರು ಮತ್ತು ಅವರ ಸುಪುತ್ರರು. ನಡುವೆ ಎಲ್ಲಾದರೂ ಜಾಗ ಉಳಿದರೆ ಸಣ್ಣ ಅಕ್ಷರದಲ್ಲಿ ಬರೆಯಿರಿ: ಅಡುಗೆಗೆ ತೊಂಬತ್ತು.